ಹಬೆ ಹಡಗುಗಳ ಕಾರ್ಯಾಗಾರವನ್ನು ನಡೆಸಿದ ಅರ್ದೇಶಿರ್ ಕರ್ಸೆಟ್‌ಜಿ ವಾಡಿಯಾ

ಕಳೆದ ಶ್ರಾವಣ ಮಾಸದಲ್ಲಿ ಉರುಕುಂದದ ಈರಣ್ಣಸ್ವಾಮಿಯ ದರ್ಶನಕ್ಕೆ ಬಂದಿದ್ದ ಪಾಲಕರೊಬ್ಬರು ಮರದ ನೆರಳಿನಲ್ಲಿ ಕುಳಿತು ನನ್ನೊಡನೆ ಬಹುಹೊತ್ತು ಮಾತನಾಡಿದರು. ಅವರು ಆದವಾನಿಯ ಹತ್ತಿ ಜಿನ್ನಿಂಗ್ ಗಿರಣಿಯೊಂದರಲ್ಲಿ ಯಂತ್ರ ದುರಸ್ತಿಯ ಕೆಲಸಗಾರರು. ಅವರ ಮಗಳು ಕನ್ನಡ ಮಾಧ್ಯಮದ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ರಜೆಯ ದಿನಗಳಲ್ಲಿ ತಂದೆಗೆ ಬುತ್ತಿ ಒಯ್ಯುವ ನೆಪದಲ್ಲಿ ಗಿರಣಿಗೆ ಹೋಗಿ, ಯಾವ ಚಕ್ರ ಯಾವುದನ್ನು ತಿರುಗಿಸುತ್ತದೆಂದು ಕೇಳುತ್ತಾಳಂತೆ. ದೊಡ್ಡ ಯಂತ್ರಗಳ ವಿದ್ಯೆಯನ್ನು ಕಲಿಯಬೇಕೆಂಬುದು ಅವಳ ಆಸೆ. ತಂದೆಗೆ ಅದರಿಂದ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಾಗಿತ್ತು. ಯಂತ್ರದ ವಿದ್ಯೆಯೆಲ್ಲ ಇಂಗ್ಲಿಷಿನಲ್ಲಿದೆ, ಊರಿನ ಕಚೇರಿಯ ವ್ಯವಹಾರವೆಲ್ಲ ತೆಲುಗಿನಲ್ಲಿದೆ, ಹೀಗಿರುವಾಗ ಕನ್ನಡ ಶಾಲೆಯಲ್ಲಿಟ್ಟು ಮಗಳ ದಾರಿಯನ್ನು ತಾವೇ ಮುಚ್ಚುತ್ತಿದ್ದೇವೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಆ ದಿನ ನಾನು ಕೊಟ್ಟ ಉತ್ತರ ನನಗೇ ತೃಪ್ತಿ ತರಲಿಲ್ಲ. ಮಾತೃಭಾಷಾ ಶಿಕ್ಷಣದ ಪರವಾಗಿ ನಾವು ಸಭೆಗಳಲ್ಲಿ ಹೇಳುವ ಮಾತುಗಳು ಮಗಳ ಭವಿಷ್ಯವನ್ನು ಎದುರಿಗಿಟ್ಟುಕೊಂಡು ಕುಳಿತ ತಂದೆಗೆ ಸಾಲುವುದಿಲ್ಲ. ಮನೆಗೆ ಬಂದ ಮೇಲೆ ನನ್ನ ನೆನಪಿಗೆ ಬಂದದ್ದು ಸುಮಾರು ನೂರೆಂಬತ್ತು ವರ್ಷಗಳ ಹಿಂದೆ ಮುಂಬೈಯಲ್ಲಿ ಹಬೆ ಹಡಗುಗಳ ದುರಸ್ತಿ ಕಾರ್ಯಾಗಾರದ ಮುಖ್ಯಸ್ಥರಾಗಿದ್ದ ಒಬ್ಬ ಭಾರತೀಯ ಎಂಜಿನಿಯರರ ಜೀವನ. ಹರಿಗೋಲನ್ನು ಬಿಟ್ಟರೆ ಬೇರೆ ದೋಣಿಯನ್ನು ಹೆಚ್ಚಾಗಿ ಕಾಣದ ನಮ್ಮ ತುಂಗಭದ್ರಾ ತೀರದ ಮಕ್ಕಳಿಗೆ ಹಡಗಿನ ಕಥೆ ದೂರದ್ದೆನಿಸಬಹುದು. ಆದರೆ ಅವರು ಎದುರಿಸಿದ ಪ್ರಶ್ನೆ ನಮ್ಮ ಮನೆಗಳ ಪ್ರಶ್ನೆಗೆ ಬಹಳ ಸಮೀಪದ್ದು. ಆ ತಂದೆಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡಲು ಪ್ರಯತ್ನಿಸಿದ್ದೇನೆ.

ಹಡಗು ಕಟ್ಟುವವರ ಮನೆತನ

ಅರ್ದೇಶಿರ್ ಕರ್ಸೆಟ್‌ಜಿಯವರು 1808ರ ಅಕ್ಟೋಬರ್ 6ರಂದು ಮುಂಬೈಯಲ್ಲಿ ಜನಿಸಿದರು. ಅವರದು ಪಾರಸಿ ಕುಟುಂಬ. ಮನೆಯ ಮಾತು ಗುಜರಾತಿ. ಹಡಗು ಕಟ್ಟುವವರೆಂಬ ಅರ್ಥದ ವಾಡಿಯಾ ಎಂಬ ಹೆಸರು ಈ ಮನೆತನಕ್ಕೆ ಕಸುಬಿನಿಂದಲೇ ಬಂದದ್ದು. ಮನೆತನದ ಹಿರಿಯರಾದ ಲವ್‌ಜಿ ನಸರ್ವಾನ್‌ಜಿಯವರು ಸೂರತ್ತಿನವರು. ಮುಂಬೈಯಲ್ಲಿ ಹಡಗುಕಟ್ಟೆಯನ್ನು ಬೆಳೆಸಬೇಕೆಂದು ಈಸ್ಟ್ ಇಂಡಿಯಾ ಕಂಪನಿಯು 1736ರಲ್ಲಿ ಅವರನ್ನು ಅಲ್ಲಿಗೆ ಕರೆಸಿಕೊಂಡಿತು. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಆ ಹಡಗುಕಟ್ಟೆಯ ಮುಖ್ಯ ಶಿಲ್ಪಿಗಳು ಇದೇ ಮನೆತನದವರಾಗಿದ್ದರು. ಅರ್ದೇಶಿರರ ತಂದೆ ಕರ್ಸೆಟ್‌ಜಿ ರುಸ್ತಂಜಿಯವರೂ ಆ ಸ್ಥಾನಕ್ಕೆ ಏರಿದವರೇ.

ಈ ಮನೆತನದವರು ಕಟ್ಟಿದ ಹಡಗುಗಳು ಮುನ್ನೂರಕ್ಕೂ ಹೆಚ್ಚು. ಅವುಗಳಿಗೆ ಬೇಕಾದ ತೇಗವು ಪಶ್ಚಿಮ ಘಟ್ಟದ ಕಾಡುಗಳಿಂದ ಬರುತ್ತಿತ್ತು. ಮಲಬಾರಿನೊಡನೆ ನಮ್ಮ ಕೆನರಾ ಸೀಮೆಯ ಕಾಡುಗಳೂ ಆ ಹಡಗುಗಳಿಗೆ ಮರವನ್ನು ಒದಗಿಸಿದವು. ಇಂಗ್ಲೆಂಡಿನ ಓಕ್ ಮರದ ಹಡಗುಗಳಿಗಿಂತ ತೇಗದ ಹಡಗುಗಳು ಹೆಚ್ಚು ಕಾಲ ಬಾಳುತ್ತಿದ್ದುದರಿಂದ ಬ್ರಿಟಿಷ್ ನೌಕಾಪಡೆಯೇ ಮುಂಬೈಯಲ್ಲಿ ಯುದ್ಧನೌಕೆಗಳನ್ನು ಕಟ್ಟಿಸಿತು. 1817ರಲ್ಲಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಅವರು ಕಟ್ಟಿದ ಟ್ರಿಂಕೊಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ನೀರಿನ ಮೇಲೆ ನಿಂತಿದೆ.

ಇಂಥ ಮನೆಯಲ್ಲಿ ಹುಟ್ಟಿದ ಅರ್ದೇಶಿರರು 14ನೆಯ ವಯಸ್ಸಿನಲ್ಲಿ, 1822ರಲ್ಲಿ, ಮುಂಬೈ ಹಡಗುಕಟ್ಟೆಯ ಕೆಲಸಕ್ಕೆ ಸೇರಿದರು. ಮರವನ್ನು ಆರಿಸುವುದು, ಹಲಗೆಯನ್ನು ಬಾಗಿಸುವುದು, ಒಂದು ಹಲಗೆಗೆ ಇನ್ನೊಂದನ್ನು ನೀರು ನುಸುಳದಂತೆ ಜೋಡಿಸುವುದು ಅಲ್ಲಿನ ವಿದ್ಯೆ. ಅದನ್ನು ಕಲಿತುಕೊಂಡು ಮನೆತನದ ಹಾದಿಯಲ್ಲಿಯೇ ನಡೆದಿದ್ದರೆ ಅವರ ಬದುಕು ಸುಖವಾಗಿಯೇ ಸಾಗುತ್ತಿತ್ತು. ಆದರೆ ಅವರ ಯೌವನದ ದಿನಗಳಲ್ಲಿಯೇ ಸಮುದ್ರದ ಮೇಲೆ ಹೊಸದೊಂದು ಶಕ್ತಿ ಕಾಣಿಸಿಕೊಂಡಿತು.

ಗಾಳಿಯಿಂದ ಹಬೆಗೆ

1829ರಲ್ಲಿ ಮುಂಬೈಯಲ್ಲಿ ಹ್ಯೂ ಲಿಂಡ್ಸೆ ಎಂಬ ಹಬೆ ಹಡಗು ಸಿದ್ಧವಾಯಿತು. ಮರುವರ್ಷ ಅದು ಕೆಂಪು ಸಮುದ್ರವನ್ನು ದಾಟಿ ಒಂದು ತಿಂಗಳಿಗಿಂತ ತುಸು ಹೆಚ್ಚು ಕಾಲದಲ್ಲಿ ಸುಯೆಜ್ ಬಂದರನ್ನು ಮುಟ್ಟಿತು. ಆಫ್ರಿಕದ ತುದಿಯನ್ನು ಬಳಸಿಕೊಂಡು ಹೋಗುವ ಹಾಯಿ ಹಡಗುಗಳಿಗೆ ಇಂಗ್ಲೆಂಡನ್ನು ತಲುಪಲು ನಾಲ್ಕು ತಿಂಗಳೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತಿದ್ದ ಕಾಲವದು. ಈ ಹೊಸ ಹಡಗಿನ ಮರದ ಒಡಲನ್ನು ಕಟ್ಟಿದವರು ವಾಡಿಯಾ ಮನೆತನದವರೇ. ಆದರೆ ಅದರ ಹೊಟ್ಟೆಯಲ್ಲಿದ್ದ ಎಂಜಿನ್ ಇಂಗ್ಲೆಂಡಿನಿಂದ ಬಂದದ್ದು.

ಈ ವ್ಯತ್ಯಾಸವನ್ನು ನಮ್ಮ ಮಕ್ಕಳು ಗಮನಿಸಬೇಕು. ಒಡಲನ್ನು ಕಟ್ಟುವ ವಿದ್ಯೆ ನಮ್ಮವರ ಕೈಯಲ್ಲಿತ್ತು. ಓಡಿಸುವ ಶಕ್ತಿಯ ವಿದ್ಯೆ ಹೊರಗಿನವರ ಕೈಯಲ್ಲಿತ್ತು. ಮುಂದಿನ ಕಾಲ ಎಂಜಿನ್ನನ್ನು ಬಲ್ಲವರದು ಎಂಬುದನ್ನು ಮನೆತನದ ಈ ತರುಣ ಬೇಗನೆ ಮನಗಂಡರು.

ಅವರು ಪುಸ್ತಕದಿಂದ ತಿಳಿದದ್ದನ್ನು ಕೈಯಿಂದ ಮಾಡಿ ನೋಡುವ ಸ್ವಭಾವದವರು. ಮೊದಲು ಒಂದು ಅಶ್ವಶಕ್ತಿಯ ಚಿಕ್ಕ ಹಬೆ ಎಂಜಿನ್ನನ್ನು ತಾವೇ ನಿರ್ಮಿಸಿ, ಅದರಿಂದ ಬಾವಿಯ ನೀರನ್ನು ಮೇಲೆತ್ತಿದರು. ಅನಂತರ 1833ರಲ್ಲಿ ಮಜಗಾಂವಿನಲ್ಲಿ ಇಂಡಸ್ ಎಂಬ 60 ಟನ್ನಿನ ಹಡಗನ್ನು ಕಟ್ಟಿ ಅದಕ್ಕೆ ಹಬೆ ಎಂಜಿನ್ನನ್ನು ಅಳವಡಿಸಿದರು. ಮರದ ಹಡಗಿಗೆ ಎಂಜಿನ್ ಕೂಡಿಸುವುದು ಸುಲಭದ ಕೆಲಸವಲ್ಲ. ಎಂಜಿನ್ನಿನ ಭಾರ ಒಂದೇ ಕಡೆಗೆ ಬಿದ್ದರೆ ಹಡಗು ವಾಲುತ್ತದೆ. ಅದರ ಅದುರುವಿಕೆಗೆ ಹಲಗೆಗಳ ಸಂದು ಸಡಿಲುತ್ತದೆ. ಬೆಂಕಿಯ ಬಳಿ ಮರವಿದ್ದರೆ ಅಪಾಯ. ಬಡಗಿಯ ವಿದ್ಯೆ ಮತ್ತು ಕಮ್ಮಾರನ ವಿದ್ಯೆಗಳೆರಡೂ ಒಬ್ಬನ ತಲೆಯಲ್ಲಿ ಕೂಡಿದಾಗ ಮಾತ್ರ ಆ ಕೆಲಸ ಆಗುವಂಥದು.

1834ರಲ್ಲಿ ಅವರು ತಮ್ಮ ಮನೆ ಮತ್ತು ತೋಟಕ್ಕೆ ಅನಿಲ ದೀಪಗಳನ್ನು ಹಾಕಿಸಿ ಉರಿಸಿ ತೋರಿಸಿದರು. ಮುಂಬೈ ನಗರ ಅಂಥ ದೀಪವನ್ನು ಕಂಡದ್ದು ಅದೇ ಮೊದಲು. ಅಂದಿನ ಗವರ್ನರ್ ಅರ್ಲ್ ಆಫ್ ಕ್ಲೇರ್ ಅವರೇ ನೋಡಲು ಬಂದರು. ಅಷ್ಟಕ್ಕೆ ನಿಲ್ಲದೆ, ಎಲ್ಫಿನ್‌ಸ್ಟನ್ ಸಂಸ್ಥೆಯ ಅಧ್ಯಾಪಕರ ಜೊತೆಗೂಡಿ ತರುಣರಿಗೆ ಯಂತ್ರವಿಜ್ಞಾನ ಮತ್ತು ರಸಾಯನ ವಿಜ್ಞಾನಗಳನ್ನು ಕಲಿಸುವುದರಲ್ಲಿಯೂ ಅವರು ನೆರವಾದರು. 1837ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

ವಿದ್ಯೆ ಇರುವಲ್ಲಿಗೆ ಪ್ರಯಾಣ

ಮುಂಬೈಯಲ್ಲಿ ಕುಳಿತು ಕಲಿಯಬಹುದಾದಷ್ಟನ್ನು ಕಲಿತಾಗಿತ್ತು. 1839ರಲ್ಲಿ ಅರ್ದೇಶಿರರು ಇಂಗ್ಲೆಂಡಿಗೆ ಹೊರಟರು. ಸುಯೆಜ್ ಕಾಲುವೆ ಇನ್ನೂ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಕೆಂಪು ಸಮುದ್ರದವರೆಗೆ ಹಡಗಿನಲ್ಲಿ ಹೋಗಿ, ಈಜಿಪ್ಟಿನ ನೆಲವನ್ನು ದಾಟಿ, ಮತ್ತೆ ಹಡಗು ಹತ್ತಬೇಕಾದ ಪ್ರಯಾಣವದು. ಇಂಗ್ಲೆಂಡಿನಲ್ಲಿ ಅವರು ಸುಮಾರು ಒಂದು ವರ್ಷವನ್ನು ಹಡಗುಕಟ್ಟೆಗಳಲ್ಲಿ, ಎಂಜಿನ್ ತಯಾರಿಸುವ ಕಾರ್ಖಾನೆಗಳಲ್ಲಿ ಕಳೆದರು. ಆ ಪ್ರವಾಸದ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1840ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಗುಜರಾತಿ ಮನೆಮಾತಿನ ಎಂಜಿನಿಯರರು ಇಂಗ್ಲಿಷಿನಲ್ಲಿ ಪುಸ್ತಕ ಬರೆಯುವ ಮಟ್ಟಿಗೆ ಆ ಭಾಷೆಯನ್ನು ವಶಪಡಿಸಿಕೊಂಡಿದ್ದರು.

ಅವರ ಜ್ಞಾನವನ್ನು ಅಲ್ಲಿನ ಎಂಜಿನಿಯರುಗಳು ಕಣ್ಣಾರೆ ಕಂಡರು. ಸಿವಿಲ್ ಎಂಜಿನಿಯರುಗಳ ಸಂಸ್ಥೆ ಅವರನ್ನು ತನ್ನ ಬಳಗಕ್ಕೆ ಸೇರಿಸಿಕೊಂಡಿತು. 1841ರ ಮೇ 27ರಂದು ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. ಈ ಗೌರವವನ್ನು ಪಡೆದ ಭಾರತೀಯರಲ್ಲಿ ಅವರೇ ಮೊದಲಿಗರು. ಆಗ ಅವರ ವಯಸ್ಸು 32. ಅವರ ಅನಂತರ ಆ ಗೌರವ ಇನ್ನೊಬ್ಬ ಭಾರತೀಯರಿಗೆ ಸಂದದ್ದು 1918ರಲ್ಲಿ; ಅವರು ನಮ್ಮ ಮಕ್ಕಳೆಲ್ಲರಿಗೂ ಪರಿಚಿತರಾದ ಗಣಿತಜ್ಞ ಶ್ರೀನಿವಾಸ ರಾಮಾನುಜನ್. ನಡುವೆ 77 ವರ್ಷಗಳು ಕಳೆದವು.

ಮುನ್ನೂರು ಜನರ ಮೇಲ್ವಿಚಾರಕ

ರಾಯಲ್ ಸೊಸೈಟಿಯ ಆಯ್ಕೆ ನಡೆಯುವ ಹೊತ್ತಿಗೆ ಅರ್ದೇಶಿರರು ಅದಕ್ಕಿಂತ ಕಷ್ಟವಾದ ಹೊಣೆಯೊಂದನ್ನು ಹೊತ್ತಾಗಿತ್ತು. 1841ರ ಏಪ್ರಿಲ್ 1ರಂದು ಅವರು ಮುಂಬೈಯಲ್ಲಿ ಕಂಪನಿಯ ಹಬೆಯಂತ್ರ ಕಾರ್ಖಾನೆ ಮತ್ತು ಎರಕದ ಮನೆಯ ಮುಖ್ಯ ಎಂಜಿನಿಯರರಾಗಿಯೂ ಯಂತ್ರಗಳ ತನಿಖಾಧಿಕಾರಿಯಾಗಿಯೂ ಅಧಿಕಾರ ವಹಿಸಿಕೊಂಡರು. ಕಂಪನಿಯ ಹಬೆ ಹಡಗುಗಳನ್ನು ಸುಸ್ಥಿತಿಯಲ್ಲಿಡುವುದು ಆ ಕಾರ್ಖಾನೆಯ ಕೆಲಸ. ಅವರ ಕೈಕೆಳಗೆ ಒಬ್ಬ ಮುಖ್ಯ ಸಹಾಯಕರು, ನಾಲ್ವರು ಐರೋಪ್ಯ ಮೇಸ್ತ್ರಿಗಳು, 100 ಮಂದಿ ಐರೋಪ್ಯ ಎಂಜಿನಿಯರುಗಳು ಹಾಗೂ ಬಾಯ್ಲರ್ ಕೆಲಸಗಾರರು ಮತ್ತು ಸುಮಾರು 200 ಮಂದಿ ದೇಶೀಯ ಕುಶಲಕರ್ಮಿಗಳು ಇದ್ದರು.

ಆಳುವ ಜನಾಂಗದ ನೂರಕ್ಕೂ ಹೆಚ್ಚು ಮಂದಿಗೆ ಭಾರತೀಯನೊಬ್ಬ ಮೇಲಧಿಕಾರಿಯಾಗುವುದು ಆ ಕಾಲದಲ್ಲಿ ಊಹೆಗೆ ಮೀರಿದ ಮಾತಾಗಿತ್ತು. ಮುಂಬೈಯ ಇಂಗ್ಲಿಷ್ ಪತ್ರಿಕೆಯೊಂದು ಈ ನೇಮಕವನ್ನು ವಿರೋಧಿಸಿ, ಐರೋಪ್ಯರ ಮೇಲೆ ಅಧಿಕಾರ ನಡೆಸುವ ಯೋಗ್ಯತೆ ದೇಶೀಯನಿಗೆ ಇರುವುದೇ ಎಂಬ ಸಂಶಯವನ್ನು ಬಹಿರಂಗವಾಗಿ ಎತ್ತಿತು. ಅವರ ಯಂತ್ರಜ್ಞಾನಕ್ಕೆ ಲಂಡನ್ನಿನ ಎಂಜಿನಿಯರುಗಳೇ ಮನ್ನಣೆ ಕೊಟ್ಟಿದ್ದರು. ವಿರೋಧವಿದ್ದದ್ದು ಅವರ ಹುಟ್ಟಿಗೆ. ಅರ್ದೇಶಿರರು 1857ರವರೆಗೆ, ಎಂದರೆ ಹದಿನಾರು ವರ್ಷಗಳ ಕಾಲ, ಆ ಹುದ್ದೆಯಲ್ಲಿ ಮುಂದುವರಿದರು. ವಿರೋಧಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ.

ಇಂಥ ಕಾರ್ಯಾಗಾರದಲ್ಲಿ ನಡೆಯುತ್ತಿದ್ದುದಾದರೂ ಏನು? ಇದನ್ನು ತಿಳಿಯದೆ ಮೇಲ್ವಿಚಾರಣೆಯ ಕಷ್ಟ ತಿಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಬೋರಿನ ನೀರನ್ನು ದಿನವೂ ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಅಂದಿನ ಹಡಗುಗಳ ಬಾಯ್ಲರುಗಳಿಗೆ ಸಮುದ್ರದ ನೀರನ್ನೇ ತುಂಬುತ್ತಿದ್ದರು. ನೀರು ಹಬೆಯಾಗಿ ಹೋದಂತೆ ಉಪ್ಪು ಒಳಗೇ ಉಳಿಯುತ್ತಿತ್ತು. ಅದನ್ನು ತಡೆಯಲು ದಾರಿಯಲ್ಲಿ ಆಗಾಗ್ಗೆ ಉಪ್ಪಾದ ಬಿಸಿನೀರನ್ನು ಹೊರಗೆ ಬಿಟ್ಟು ಹೊಸ ನೀರನ್ನು ತುಂಬಬೇಕಾಗಿತ್ತು. ಹಾಗೆ ಮಾಡಿದರೂ ಬಾಯ್ಲರಿನ ತಗಡಿನ ಮೇಲೆ ಹಕ್ಕಳೆ ಕಟ್ಟುವುದು ತಪ್ಪುತ್ತಿರಲಿಲ್ಲ. ಹಕ್ಕಳೆ ದಪ್ಪವಾದಷ್ಟೂ ಬೆಂಕಿಯ ಕಾವು ನೀರಿಗೆ ತಲುಪುವುದು ಕಡಮೆಯಾಗುತ್ತದೆ. ಕಲ್ಲಿದ್ದಲು ಹೆಚ್ಚು ಬೇಕಾಗುತ್ತದೆ. ಕಾವೆಲ್ಲ ತಗಡಿನಲ್ಲಿಯೇ ನಿಂತು ಅದು ಕೆಂಪಾಗಿ ಮೆತ್ತಗಾಗುತ್ತದೆ. ಮೆತ್ತಗಾದ ತಗಡು ಹಬೆಯ ಒತ್ತಡಕ್ಕೆ ಉಬ್ಬಿ ಒಡೆದರೆ ಬಳಿಯಲ್ಲಿದ್ದವರ ಪ್ರಾಣ ಉಳಿಯುವುದಿಲ್ಲ.

ಆದುದರಿಂದ ಹಡಗು ಬಂದರಿಗೆ ಬಂದೊಡನೆ ಬಾಯ್ಲರನ್ನು ತಣಿಸಿ, ಕೆಲಸಗಾರರು ಅದರ ಒಳಗೆ ನುಸುಳಿ, ಸುತ್ತಿಗೆಯಿಂದ ಹಕ್ಕಳೆಯನ್ನು ಕೆತ್ತಿ ತೆಗೆಯಬೇಕು. ತೆಳುವಾದ ತಗಡನ್ನು ಕತ್ತರಿಸಿ ಹೊಸದನ್ನು ಕೂಡಿಸಬೇಕು. ಸವೆದ ಹಿತ್ತಾಳೆಯ ಬೇರಿಂಗುಗಳನ್ನು ಬದಲಿಸಬೇಕು. ಪಿಸ್ಟನ್ನಿನ ಸುತ್ತ ಹಬೆ ಸೋರದಂತೆ ಬಿಗಿ ಮಾಡಬೇಕು. ಆ ಹಡಗುಗಳ ಎರಡು ಮಗ್ಗುಲಲ್ಲಿ, ಹುಟ್ಟು ಹಾಕುವ ಹಲಗೆಗಳನ್ನು ಜೋಡಿಸಿದ ದೊಡ್ಡ ಚಕ್ರಗಳಿದ್ದವು. ಬಿರುಗಾಳಿಯಲ್ಲಿ ಮುರಿದ ಅವುಗಳ ಹಲಗೆಗಳನ್ನು ಬದಲಿಸುವುದೂ ಈ ಕೆಲಸದ ಭಾಗವೇ.

ಮುರಿದ ಕಬ್ಬಿಣದ ಭಾಗವನ್ನು ಅಂಗಡಿಯಿಂದ ತರುವ ಹಾಗಿರಲಿಲ್ಲ. ಭಾರವಾದ ಯಂತ್ರಭಾಗವನ್ನು ಇಂಗ್ಲೆಂಡಿನಿಂದ ತರಿಸಬೇಕಾದರೆ ಅದು ಆಫ್ರಿಕವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಪ್ರಯಾಣ ಮಾಡಬೇಕು. ಅಷ್ಟು ದಿನ ಹಡಗು ಬಂದರಿನಲ್ಲಿ ನಿಂತರೆ ಅಂಚೆ ನಿಲ್ಲುತ್ತದೆ. ಆದ್ದರಿಂದ ಕಾರ್ಖಾನೆಯೊಳಗೇ ಎರಕದ ಮನೆ ಇರಬೇಕಾಯಿತು. ಮೊದಲು ಬಡಗಿಯು ಬೇಕಾದ ಭಾಗದ ಮಾದರಿಯನ್ನು ಮರದಲ್ಲಿ ಕೆತ್ತುತ್ತಾನೆ. ಕಬ್ಬಿಣ ತಣಿದಾಗ ಕುಗ್ಗುವುದರಿಂದ ಮಾದರಿಯನ್ನು ತುಸು ದೊಡ್ಡದಾಗಿಯೇ ಮಾಡಬೇಕು. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಕರಗಿದ ಕಬ್ಬಿಣವನ್ನು ಹೊಯ್ಯುತ್ತಾರೆ. ತಣಿದ ಮೇಲೆ ಲೇತಿನಲ್ಲಿ ಕಡೆದು, ಅರದಿಂದ ಉಜ್ಜಿ, ಕೂದಲೆಳೆಯಷ್ಟೂ ಹೆಚ್ಚುಕಡಮೆಯಾಗದಂತೆ ಕೂಡಿಸುತ್ತಾರೆ. ಬಡಗಿ, ಎರಕದವರು, ಕಮ್ಮಾರ, ಫಿಟ್ಟರ್ ಇವರಲ್ಲಿ ಒಬ್ಬರು ತಪ್ಪಿದರೂ ಉಳಿದವರ ಶ್ರಮವೆಲ್ಲ ಕೆಡುತ್ತದೆ. ಇವರೆಲ್ಲರ ಕೆಲಸವನ್ನು ಕಣ್ಣಿನಿಂದಲೇ ಅಳೆಯಬಲ್ಲವರು ಮಾತ್ರ ಅಲ್ಲಿ ಮೇಲ್ವಿಚಾರಕರಾಗಿ ನಿಲ್ಲಬಲ್ಲರು.

ಕೊನೆಯ ತೀರ್ಮಾನ ತನಿಖಾಧಿಕಾರಿಯದು. ಹಡಗು ಹೊರಡುವುದು ತಡವಾದರೆ ಮೇಲಿನವರ ಅಸಮಾಧಾನ. ದೋಷವನ್ನು ಕಂಡೂ ಕಾಣದಂತೆ ಬಿಟ್ಟರೆ ನಡುಗಡಲಿನಲ್ಲಿ ಎಂಜಿನ್ ನಿಲ್ಲುವ ಅಪಾಯ. ಮೇಲ್ವಿಚಾರಣೆಯೆಂದರೆ ಗಟ್ಟಿ ದನಿಯಲ್ಲಿ ಆಜ್ಞೆ ಕೊಡುವುದೆಂದು ತಿಳಿದವರು ಈ ಹೊಣೆಯನ್ನು ನೆನೆಯಬೇಕು. ಹಡಗಿನಲ್ಲಿರುವವರ ಜೀವ, ಬಂದರಿನಲ್ಲಿ ಉಳಿದ ಮೇಲ್ವಿಚಾರಕನ ಪ್ರಾಮಾಣಿಕತೆಯ ಮೇಲೆ ನಿಂತಿರುತ್ತದೆ.

ಇನ್ನೊಂದು ಸತ್ಯವನ್ನೂ ಮಕ್ಕಳಿಗೆ ಮರೆಮಾಚಬಾರದು. ಈ ಹಡಗುಗಳು ಅಂಚೆಯನ್ನಷ್ಟೇ ಹೊತ್ತವುಗಳಲ್ಲ. ಕಂಪನಿಯ ಹಬೆ ಹಡಗುಗಳು 1852ರ ಬರ್ಮಾ ಯುದ್ಧದಲ್ಲಿಯೂ 1856-57ರ ಪರ್ಷಿಯಾ ಯುದ್ಧದಲ್ಲಿಯೂ ಸೈನ್ಯವನ್ನು, ಫಿರಂಗಿಗಳನ್ನು ಹೊತ್ತವು. ಅರ್ದೇಶಿರರ ಜ್ಞಾನ ಅವರದಾಗಿದ್ದರೂ ಅದು ಯಾರ ಕೆಲಸಕ್ಕೆ ಬಳಕೆಯಾಗಬೇಕೆಂಬ ನಿರ್ಧಾರ ಅವರದಾಗಿರಲಿಲ್ಲ. ಅವರ ಬದುಕಿನ ಹಿರಿಮೆಯನ್ನು ಹೇಳುವಾಗ ಈ ಮಿತಿಯನ್ನೂ ಹೇಳುವುದು ನ್ಯಾಯ.

ಕಲಿಯುವುದನ್ನು ಅವರು ಅಧಿಕಾರ ಬಂದ ಮೇಲೆಯೂ ನಿಲ್ಲಿಸಲಿಲ್ಲ. 1849ರಲ್ಲಿ ಅಮೆರಿಕಕ್ಕೆ ಹೋದರು. ಆ ದೇಶವನ್ನು ಕಂಡ ಮೊದಲ ಪಾರಸಿ ಅವರೇ ಎನ್ನುತ್ತಾರೆ. ಅಲ್ಲಿಂದ ಮರ ಕೊಯ್ಯುವ ಯಂತ್ರಗಳನ್ನು ಕೊಂಡು ಮುಂಬೈಗೆ ಕಳುಹಿಸಿದರು. 1851ರ ಫೆಬ್ರವರಿಯಲ್ಲಿ ಅವರು ಲವ್‌ಜಿ ಫ್ಯಾಮಿಲಿ ಎಂಬ ಹಬೆ ಹಡಗನ್ನು ನೀರಿಗಿಳಿಸಿದರು. ಮನೆತನದ ಹಿರಿಯರ ಹೆಸರನ್ನು ಹೊತ್ತ ಆ ಹಡಗಿನ ಯಂತ್ರಭಾಗಗಳೆಲ್ಲ ಸ್ವತಃ ಅವರ ಮನೆಯ ಎರಕಶಾಲೆಯಲ್ಲಿಯೇ ತಯಾರಾದವು. ಇಪ್ಪತ್ತೆರಡು ವರ್ಷಗಳ ಹಿಂದೆ ಹ್ಯೂ ಲಿಂಡ್ಸೆಯ ಎಂಜಿನ್ನನ್ನು ಇಂಗ್ಲೆಂಡಿನಿಂದ ತರಿಸಬೇಕಾಗಿದ್ದ ಊರಿನಲ್ಲಿ ಇದು ಸಾಧ್ಯವಾಯಿತು. ಹೊಲಿಗೆ ಯಂತ್ರ, ಛಾಯಾಚಿತ್ರಣ ಮತ್ತು ವಿದ್ಯುತ್ತಿನಿಂದ ಲೋಹಲೇಪ ಮಾಡುವ ವಿಧಾನವನ್ನು ಮುಂಬೈಗೆ ಪರಿಚಯಿಸಿದ ಕೀರ್ತಿಯೂ ಅವರಿಗೆ ಸಲ್ಲುತ್ತದೆ.

ಸಿಂಧೂ ನದಿಯ ಹಡಗುಗಳು

1857ರ ಆಗಸ್ಟ್ 1ರಂದು ಅವರು ಮುಂಬೈಯ ಹುದ್ದೆಯಿಂದ ನಿವೃತ್ತರಾದರು. ಆದರೆ ಹಡಗುಗಳು ಅವರನ್ನು ಬಿಡಲಿಲ್ಲ. 1861ರಲ್ಲಿ ಸಿಂಧೂ ನದಿಯ ಹಬೆ ಹಡಗುಗಳ ಕಂಪನಿ ಅವರನ್ನು ಕೋಟ್ರಿಯ ತನ್ನ ಕಾರ್ಯಾಗಾರದ ಮೇಲ್ವಿಚಾರಕ ಎಂಜಿನಿಯರರನ್ನಾಗಿ ನೇಮಿಸಿತು. ಕೋಟ್ರಿ ಇಂದು ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿದೆ. ಅದೇ ವರ್ಷ ಕರಾಚಿಯಿಂದ ಕೋಟ್ರಿಯವರೆಗೆ ರೈಲು ಬಂದಿತ್ತು. ಅಲ್ಲಿಂದ ಮುಲ್ತಾನದ ಕಡೆಗೆ ಸರಕು ಮತ್ತು ಜನರನ್ನು ಒಯ್ಯುವುದು ನದಿಯ ಹಡಗುಗಳ ಕೆಲಸ.

ಸಮುದ್ರದ ಉಪ್ಪು ಇಲ್ಲಿ ಇರಲಿಲ್ಲ. ಅದರ ಬದಲು ಮರಳಿತ್ತು. ಬೇಸಿಗೆಯಲ್ಲಿ ತುಂಗಭದ್ರೆ ಸೊರಗಿ ಮರಳಿನ ದಿಬ್ಬಗಳು ಮೇಲೇಳುವುದನ್ನು ಕಂಡವರಿಗೆ ಆ ಕಷ್ಟವನ್ನು ವಿವರಿಸಬೇಕಾಗಿಲ್ಲ. ಸಿಂಧೂ ನದಿ ವರ್ಷ ವರ್ಷವೂ ತನ್ನ ಪಾತ್ರವನ್ನು ಬದಲಿಸುವಂಥದು. ಅಲ್ಲಿ ಓಡುವ ಹಡಗಿನ ತಳ ಚಪ್ಪಟೆಯಾಗಿರಬೇಕು, ಆಳ ಕಡಮೆಯಿರಬೇಕು, ಆದರೂ ಪ್ರವಾಹಕ್ಕೆ ಎದುರಾಗಿ ಏರುವಷ್ಟು ಎಂಜಿನ್ ಬಲವಾಗಿರಬೇಕು. 1863ರಲ್ಲಿ ಅವರು ಆ ಹೊಣೆಯಿಂದಲೂ ಬಿಡುಗಡೆ ಪಡೆದರು.

ಮುಂದಿನ ದಿನಗಳನ್ನು ಅವರು ಇಂಗ್ಲೆಂಡಿನಲ್ಲಿ ಕಳೆದರು. ಮುಂಬೈಯಲ್ಲಿ ಪತ್ನಿ ಆವಾಬಾಯಿ ಮತ್ತು ಮಕ್ಕಳಿದ್ದರು; ಇಂಗ್ಲೆಂಡಿನಲ್ಲಿ ಮತ್ತೊಂದು ಸಂಸಾರವಿತ್ತು. ಎರಡು ದೇಶಗಳ ನಡುವೆ ಅವರ ಬದುಕು ಹಂಚಿಹೋಗಿತ್ತು. 1877ರ ನವೆಂಬರ್ 16ರಂದು ಲಂಡನ್ನಿನ ಬಳಿಯ ರಿಚ್‌ಮಂಡಿನಲ್ಲಿ, 69ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. 1969ರ ಮೇ 27ರಂದು ಭಾರತೀಯ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಅವರು ತಾರುಣ್ಯದಲ್ಲಿ ಇಂಡಸ್ ಹಡಗನ್ನು ಕಟ್ಟಿದ ಮಜಗಾಂವಿನಲ್ಲಿ ಇಂದಿಗೂ ನಮ್ಮ ನೌಕಾಪಡೆಗೆ ಹಡಗುಗಳು ತಯಾರಾಗುತ್ತಿವೆ.

ನಮ್ಮ ಶಾಲೆಗಳಿಗೆ ಇದರ ಪಾಠ

ಉರುಕುಂದದಲ್ಲಿ ಕಂಡ ಆ ತಂದೆಗೆ ಈಗ ನಾನು ಏನು ಹೇಳಲಿ? ಮನೆಮಾತು ಗುಜರಾತಿಯಾಗಿದ್ದುದರಿಂದ ಅರ್ದೇಶಿರರಿಗೆ ಎಂಜಿನ್ ಅರ್ಥವಾಗದೆ ಹೋಗಲಿಲ್ಲ. ಹಬೆಯ ಒತ್ತಡಕ್ಕೆ ಭಾಷೆಯಿಲ್ಲ. ಅದನ್ನು ತಿಳಿಯುವ ಬುದ್ಧಿಗೆ ಮಾತ್ರ ಭಾಷೆ ಬೇಕು, ಮತ್ತು ಬುದ್ಧಿ ಮೊದಲು ಚುರುಕಾಗುವುದು ಮನೆಯ ಭಾಷೆಯಲ್ಲಿ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ವಿದ್ಯೆ ಯಾವ ಭಾಷೆಯಲ್ಲಿತ್ತೋ ಆ ಭಾಷೆಯನ್ನು ಕಲಿತರು, ಯಾವ ದೇಶದಲ್ಲಿತ್ತೋ ಆ ದೇಶಕ್ಕೆ ಹೋದರು. ಕನ್ನಡ ಶಾಲೆಯನ್ನು ಉಳಿಸಬೇಕೆನ್ನುವ ನಾವು ಇಂಗ್ಲಿಷ್ ಮತ್ತು ತೆಲುಗುಗಳನ್ನು ಚೆನ್ನಾಗಿ ಕಲಿಸುವ ಹೊಣೆಯಿಂದ ತಪ್ಪಿಸಿಕೊಂಡರೆ ಮಕ್ಕಳಿಗೆ ದ್ರೋಹ ಮಾಡಿದಂತೆ.

ಒಂದು ವ್ಯತ್ಯಾಸವನ್ನು ಒಪ್ಪಿಕೊಳ್ಳಲೇಬೇಕು. ಅರ್ದೇಶಿರರು ಸಿರಿವಂತ ಮನೆತನದವರು. 14ನೆಯ ವಯಸ್ಸಿಗೆ ಅವರಿಗಾಗಿ ಹಡಗುಕಟ್ಟೆಯ ಬಾಗಿಲು ತೆರೆದಿತ್ತು. ಮರ, ಕಬ್ಬಿಣ, ಉಪಕರಣ, ಕಲಿಸುವ ಹಿರಿಯರು ಎಲ್ಲವೂ ಅಂಗಳದಲ್ಲಿಯೇ ಇದ್ದವು. ಆದವಾನಿ, ಕೌತಾಳಂ, ಹೊಳಗುಂದ, ಕೋಸಿಗಿಗಳ ನಮ್ಮ ಮಕ್ಕಳಿಗೆ ಅಂಥ ಅಂಗಳವಿಲ್ಲ. 1953ರಲ್ಲಿ ಆದವಾನಿ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡ ಮಕ್ಕಳಿಗಿರುವ ಅಂಗಳ ಶಾಲೆಯೊಂದೇ. ಆ ಅಂಗಳ ಬರಿದಾಗಿದ್ದರೆ ಮಾಧ್ಯಮ ಯಾವುದಾದರೂ ಫಲವಿಲ್ಲ. ನಾನು ಹಿಂದೆ ಕೆಲಸ ಮಾಡಿದ ಶಾಲೆಯೊಂದರಲ್ಲಿ ವಿಜ್ಞಾನದ ಉಪಕರಣಗಳ ಪೆಟ್ಟಿಗೆ ಇಡೀ ವರ್ಷ ಬೀಗದೊಳಗೇ ಇತ್ತು. ಒಡೆದರೆ ಯಾರು ಲೆಕ್ಕ ಕೊಡುವುದೆಂಬ ಭಯದಿಂದ ಮಕ್ಕಳ ಕೈಗೆ ಅದನ್ನು ಕೊಡಲಿಲ್ಲ. ಆ ಭಯಪಟ್ಟವರಲ್ಲಿ ನಾನೂ ಒಬ್ಬ. ಆ ತಪ್ಪಿನ ನೆನಪು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಹೀಗಾಗಿ ಪಾಲಕರು ಶಾಲೆಯ ಸಭೆಗೆ ಬಂದಾಗ ಅಂಕಗಳನ್ನಷ್ಟೇ ಕೇಳಬಾರದು. ಪ್ರಯೋಗದ ಪೆಟ್ಟಿಗೆ ತೆರೆದಿದೆಯೇ, ಮಗು ತನ್ನ ಕೈಯಿಂದ ಏನನ್ನು ಮಾಡಿ ನೋಡಿತು ಎಂದು ಕೇಳಬೇಕು. ಶಿಕ್ಷಕರಾದ ನಾವು ವಿಜ್ಞಾನದ ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿ ಅರ್ಥ ಮಾಡಿಸಿ, ಅದರ ಪಕ್ಕದಲ್ಲಿಯೇ ಇಂಗ್ಲಿಷಿನ ಪದವನ್ನೂ ಬರೆಸಬೇಕು. ಒತ್ತಡವೆಂದರೇನೆಂದು ತಿಳಿದ ಮಗುವಿಗೆ ಪ್ರೆಶರ್ ಎಂಬ ಪದ ಒಂದು ದಿನದ ಕಲಿಕೆ. ಒತ್ತಡವನ್ನೇ ತಿಳಿಯದೆ ಪ್ರೆಶರ್ ಎಂದು ಬಾಯಿಪಾಠ ಮಾಡಿದ ಮಗುವಿಗೆ ಎರಡೂ ಇಲ್ಲ.

ಮುಂದಿನ ದಾರಿಗಳೂ ದೂರದಲ್ಲಿಲ್ಲ. ಸ್ವತಂತ್ರ ಭಾರತದ ಮೊದಲ ದೊಡ್ಡ ಹಬೆ ಹಡಗಾದ ಜಲ ಉಷಾ 1948ರಲ್ಲಿ ನೀರಿಗಿಳಿದದ್ದು ನಾವಿರುವ ರಾಜ್ಯದ ವಿಶಾಖಪಟ್ಟಣದಲ್ಲಿ. ಭಾರತೀಯ ಕಡಲ ವಿಶ್ವವಿದ್ಯಾಲಯದ ಒಂದು ಆವರಣವೂ ಅದೇ ಊರಿನಲ್ಲಿದೆ. ಹಡಗಿನ ಎಂಜಿನಿಯರಿಂಗ್ ಓದಲು ಬಯಸುವವರು ಹನ್ನೆರಡನೆಯ ತರಗತಿಯಲ್ಲಿ ಭೌತ, ರಸಾಯನ, ಗಣಿತಗಳನ್ನು ಓದಿರಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು, ಇಂಗ್ಲಿಷಿನಲ್ಲಿಯೂ ನಿಗದಿತ ಅಂಕ ಪಡೆದಿರಬೇಕು. ಐಟಿಐಯ ಫಿಟ್ಟರ್, ವೆಲ್ಡರ್ ತರಬೇತಿಯಿಂದ ಹಡಗುಕಟ್ಟೆಗಳ ಕೆಲಸಕ್ಕೆ ಹೋಗುವ ದಾರಿಯೂ ಇದೆ. ಕನ್ನಡ ಶಾಲೆಯ ಮಗುವಿಗೆ ಇವುಗಳಲ್ಲಿ ಯಾವುದೂ ಮುಚ್ಚಿದ ಬಾಗಿಲಲ್ಲ. ಆದರೆ ತಯಾರಿ ಎಂಟನೆಯ ತರಗತಿಯಿಂದಲೇ ಆಗಬೇಕು.

ಆ ತಂದೆಗೆ ನನ್ನದೊಂದು ಕೋರಿಕೆಯಿದೆ. ಮುಂದಿನ ರಜೆಯಲ್ಲಿ ಗಿರಣಿಯ ಯಂತ್ರ ನಿಂತಿರುವ ಹೊತ್ತು ನೋಡಿ, ಮಾಲೀಕರ ಅಪ್ಪಣೆ ಪಡೆದು, ಮಗಳನ್ನು ಒಳಗೆ ಕರೆದುಕೊಂಡು ಹೋಗಿ. ಬಿಚ್ಚಿಟ್ಟ ಬೇರಿಂಗನ್ನು ಅವಳ ಕೈಗೆ ಕೊಟ್ಟು, ಎಲ್ಲಿ ಸವೆದಿದೆ, ಏಕೆ ಸವೆದಿದೆ ಎಂದು ನಿಮ್ಮ ಮಾತಿನಲ್ಲಿಯೇ ಹೇಳಿ. ಉಳಿದದ್ದನ್ನು ಹೇಳಿಕೊಡುವುದು ನಮ್ಮ ಶಾಲೆಯ ಕೆಲಸ. ಅದನ್ನು ನಾವು ಸರಿಯಾಗಿ ಮಾಡುತ್ತಿದ್ದೇವೆಯೇ ಎಂದು ಬಂದು ಕೇಳುವ ಹಕ್ಕು ನಿಮ್ಮದು.